ಅಮ್ಮನಿಗೆ ಹೇಳದೇ ಇದ್ದರೆ ಭಯ ಕಡಿಮೆ ಆಗುತ್ತಾ?

ಪ್ರಶ್ನೆ: ಅಮ್ಮ ಕುಂದಾಪುರದ ಹಳ್ಳಿಯವರು, ವಯಸ್ಸು 68. ಮುಂದಿನ ತಿಂಗಳು ಇಲ್ಲೇ ಮುಂಬಯಿಯಲ್ಲಿ ಅವರ ಮೊಣಕಾಲಿನ ಕೀಲು ಬದಲಿಸುವ ಆಪರೇಷನ್ ಇದೆ. ಅವರಿಗೆ ಹಿಂದಿ, ಮರಾಠಿ ಬರುವುದಿಲ್ಲ. ಸೊಂಟಕ್ಕೆ ಸೂಜಿ ಕೊಡುತ್ತಾರೆ ಎಂದು ಯಾರೋ ಹೇಳಿದ ಮೇಲೆ ಸರಿಯಾಗಿ ನಿದ್ದೆ ಮಾಡುತ್ತಿಲ್ಲ. "ಏನೂ ಹೇಳೋದು ಬೇಡ, ಸುಮ್ನೆ ಹೆದರ್ತಾರೆ, ಸಹಿ ನಾವೇ ಹಾಕೋಣ" ಎನ್ನುತ್ತಾನೆ ಅಣ್ಣ. ನನಗೆ ಸರಿ ಅನಿಸುತ್ತಿಲ್ಲ. ಏನು ಮಾಡಲಿ?
– ಒಬ್ಬ ಮಗಳು, ಡೊಂಬಿವಲಿ

ಉತ್ತರ (ಅರಿವಳಿಕೆ ತಜ್ಞೆ, ಮುಂಬಯಿ): ನಿಮಗೆ ಅನಿಸಿದ್ದೇ ಸರಿ. ಅಮ್ಮನಿಗೆ ಹೇಳಿ. ಆದರೆ ಹೇಳುವ ಮೊದಲು ಕೇಳಿ. "ಅಮ್ಮಾ, ಯಾವುದಕ್ಕೆ ಹೆದರಿಕೆ?" ಎಂದು ಕೇಳಿ, ಅವರು ಮಾತು ಮುಗಿಸುವವರೆಗೆ ಸುಮ್ಮನೆ ಕುಳಿತುಕೊಳ್ಳಿ. ನಾವು ಅಂದುಕೊಂಡ ಭಯವೇ ಬೇರೆ, ಅವರ ಮನಸ್ಸಲ್ಲಿರುವುದೇ ಬೇರೆ.

ವರ್ಷಗಳ ಹಿಂದೆ ನಮ್ಮ ಆಪರೇಷನ್ ಥಿಯೇಟರಿಗೆ ಬಂದ ಒಬ್ಬ ಅಜ್ಜಿ ಗಡಗಡ ನಡುಗುತ್ತಿದ್ದರು. ಬಿಪಿ ಏರಿತ್ತು. ಎಲ್ಲರೂ ಹಿಂದಿಯಲ್ಲಿ "ಘಬರಾವೋ ಮತ್" ಎನ್ನುತ್ತಿದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದೆ. ಸೂಜಿಯ ಭಯ ಅವರಿಗೆ ಇರಲೇ ಇಲ್ಲ. ವಾರ್ಡಿನಲ್ಲಿ ಕರಿಮಣಿ ಬಿಚ್ಚಿಸಿದ್ದರು. ಗಂಡ ಬದುಕಿರುವಾಗ ಬರಿ ಕೊರಳಲ್ಲಿ ಮಲಗಿದ್ದೇನೆ ಎಂಬುದೇ ಅವರ ಸಂಕಟ. ಮನೆಯಲ್ಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಅವರೇ ದೇವರ ಮುಂದೆ ಬಿಚ್ಚಿಟ್ಟು ಬರುತ್ತಿದ್ದರು, ಅಲ್ವಾ? ರಕ್ತ ನಿಲ್ಲಿಸಲು ಬಳಸುವ ಕರೆಂಟಿನ ಉಪಕರಣದಿಂದ, ಲೋಹ ತಾಗಿದ ಜಾಗದಲ್ಲಿ ಸುಡುವ ಅಪಾಯವಿರುತ್ತದೆ. ಅದಕ್ಕೇ ಒಡವೆ ತೆಗೆಸುತ್ತೇವೆ. ಈ ಕಾರಣವನ್ನೂ ಅಮ್ಮನಿಗೆ ತಿಳಿಸಿ. ಅರಿಶಿನ ದಾರ ಇರಬಹುದೇ ಎಂದು ಸಿಸ್ಟರನ್ನು ಮೊದಲೇ ಕೇಳಿಡಿ.

ಈಗ ಸೂಜಿಯ ವಿಷಯ, ಅಂದರೆ ಸೊಂಟದ ಕೆಳಗೆ ಮರಗಟ್ಟಿಸುವ ಅರಿವಳಿಕೆ ಚುಚ್ಚುಮದ್ದು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ನಾವು ಚುಚ್ಚುವುದು ಅದಕ್ಕಿಂತ ಕೆಳಗೆ, ತೀರಾ ಸಣ್ಣ ಸೂಜಿಯಲ್ಲಿ. ಆ ಜಾಗ ಕೆಲವು ದಿನ ನೋಯಬಹುದು. ಜೀವನಪೂರ್ತಿ ಸೊಂಟನೋವು ಬರುತ್ತದೆ ಎಂಬ ಮಾತು ನಿಜವಲ್ಲ. ಚುಚ್ಚಿದ ಮೇಲೆ ಕಾಲು ಬಿಸಿಯಾಗಿ, ಭಾರವಾಗಿ, ಕೆಲವು ಗಂಟೆ ಅಲ್ಲಾಡುವುದಿಲ್ಲ. ಇದನ್ನು ಮುಂಚೆಯೇ ಹೇಳದಿದ್ದರೆ "ಕಾಲೇ ಹೋಯ್ತು" ಎಂದು ಅಳುವವರನ್ನು ನೋಡಿದ್ದೇನೆ. ಸೊಂಟದ ಮೇಲೆ ಎಚ್ಚರ ಇರುತ್ತದೆ. ಸುತ್ತಿಗೆ, ಗರಗಸದ ಸದ್ದು ಕೇಳಬಹುದು. ಅದು ಬೇಡವಾದರೆ ತೂಕಡಿಕೆಯ ಔಷಧಿ ಕೊಡಲು ಸಾಧ್ಯವಾಗುತ್ತದೆ. ಒಳಗೆ ಚಳಿ ಜಾಸ್ತಿ. ಹೊದಿಕೆ ಕೇಳಬಹುದು ಎಂದು ಹೇಳಿಡಿ. ಆಪರೇಷನ್ನಿಗೆ ಮೊದಲು ಅರಿವಳಿಕೆ ಡಾಕ್ಟರ ತಪಾಸಣೆಗೆ ಅಮ್ಮನನ್ನೇ ಕರೆದುಕೊಂಡು ಹೋಗಿ. ಬರೀ ಫೈಲ್ ಹಿಡಿದು ನೀವೊಬ್ಬರೇ ಹೋಗಬೇಡಿ.

ಇದೆಲ್ಲ ಬರೀ ಸಮಾಧಾನದ ಮಾತು ಅಂದುಕೊಳ್ಳಬೇಡಿ. 1964ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ, ಹೊಟ್ಟೆಯ ಆಪರೇಷನ್ ಆಗಲಿದ್ದ 97 ಮಂದಿಯಲ್ಲಿ ಒಂದು ಗುಂಪಿಗೆ ಅರಿವಳಿಕೆ ವೈದ್ಯರೇ ಹೋಗಿ ನೋವು ಎಲ್ಲಿ ಬರುತ್ತದೆ, ಹೇಗೆ ಹೊರಳಬೇಕು ಎಂದು ವಿವರಿಸಿದರು. ಆ ಗುಂಪಿನವರಿಗೆ ಬೇಕಾದ ಬಲವಾದ ನೋವಿನ ಔಷಧಿ ಉಳಿದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆಯಾಯಿತು.

ಸಹಿಯ ಬಗ್ಗೆ ಅಣ್ಣನಿಗೆ ತಿಳಿಸಿ. ಅಮ್ಮನಿಗೆ ಬುದ್ಧಿ ಸರಿಯಾಗಿದೆ, ಎಚ್ಚರವಿದೆ. ಹಾಗಾಗಿ ಒಪ್ಪಿಗೆ ಅವರದ್ದೇ ಆಗಿರಬೇಕು, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿಯೇ ಪಡೆಯಬೇಕು. 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಅರಿವಳಿಕೆಯಲ್ಲಿದ್ದ ಮಹಿಳೆಯ ಪರವಾಗಿ ಅವರ ತಾಯಿ ಒಪ್ಪಿಗೆ ಕೊಟ್ಟಿದ್ದರು. ತುರ್ತು ಇಲ್ಲದಿದ್ದಾಗ ಅಂಥ ಒಪ್ಪಿಗೆ ಸಲ್ಲದು ಎಂದು ಕೋರ್ಟ್ ಹೇಳಿತು.

ದುಭಾಷಿ ಕೆಲಸ ನಿಮ್ಮ ಮೇಲೆ ಬಿದ್ದರೆ ಅಮ್ಮ ಹೇಳಿದ್ದನ್ನು ಮೊಟಕು ಮಾಡಬೇಡಿ. ಅವರು ಎರಡು ನಿಮಿಷ ಹೇಳಿಕೊಂಡಿದ್ದನ್ನು ಮಕ್ಕಳು "ಕುಛ್ ನಹೀ ಡಾಕ್ಟರ್, ಠೀಕ್ ಹೈ" ಎಂದು ಮುಗಿಸಿಬಿಡುತ್ತಾರೆ. ನನಗೆ ಇದು ಬಹಳ ಬೇಸರದ ವಿಷಯ. ನೀವು ಪಕ್ಕದಲ್ಲಿ ಇಲ್ಲದ ಹೊತ್ತಿಗೆ ನಾಲ್ಕು ಮರಾಠಿ ಮಾತು ಕಲಿಸಿ: ನೋವಿಗೆ "ದುಖತಯ್", ವಾಕರಿಕೆಗೆ "ಮಳಮಳತಯ್", ಚಳಿಗೆ "ಥಂಡಿ ವಾಜತೆ", ಮೂತ್ರಕ್ಕೆ "ಲಘವಿ". ಅದೇ ಮಾತುಗಳನ್ನು ಎರಡೂ ಲಿಪಿಯಲ್ಲಿ ಬರೆದು ಹಾಸಿಗೆಯ ಪಕ್ಕ ಅಂಟಿಸಿ. ಮಂಗಳೂರು, ಉಡುಪಿ ಕಡೆಯ ಸಿಸ್ಟರ್ ಯಾರಾದರೂ ಇದ್ದಾರಾ ಎಂದು ಕೇಳಲು ಸಂಕೋಚ ಬೇಡ.

ಹಿಂದಿನ ರಾತ್ರಿ ಯಾರಾದರೂ ಪ್ರೀತಿಯಿಂದ "ಬೆಳಿಗ್ಗೆ ಒಂದು ಲೋಟ ಗಂಜಿ ಕುಡಿ" ಎನ್ನುತ್ತಾರೆ. ಗಂಜಿಯೂ ಊಟವೇ. ಸಾಮಾನ್ಯವಾಗಿ ಊಟ 6 ಗಂಟೆ ಮೊದಲು, ಬರೀ ನೀರು 2 ಗಂಟೆ ಮೊದಲು ನಿಲ್ಲಿಸಬೇಕು. ಆಸ್ಪತ್ರೆಯವರು ಕೊಟ್ಟ ಸಮಯವನ್ನೇ ಪಾಲಿಸಿ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ತಪ್ಪಿ ಕುಡಿದಿದ್ದರೆ ಮುಚ್ಚಿಡದೆ ಹೇಳಿ, ಯಾರೂ ಬೈಯುವುದಿಲ್ಲ.

ಆಪರೇಷನ್ ಆದ ಮೇಲೆ ನಮ್ಮ ಅಮ್ಮಂದಿರು ನೋವು ನುಂಗಿಕೊಂಡು ಮಲಗುತ್ತಾರೆ, ಸಿಸ್ಟರಿಗೆ ಯಾಕೆ ತೊಂದರೆ ಅಂತ. ಆದರೆ ನೋವು ಹಿಡಿತದಲ್ಲಿ ಇಲ್ಲದಿದ್ದರೆ ಕಾಲು ಮಡಿಸುವ ವ್ಯಾಯಾಮ ಆಗುವುದಿಲ್ಲ, ಕೀಲು ಬಿಗಿಯುತ್ತದೆ. ಹತ್ತರಲ್ಲಿ ಎಷ್ಟು ಎಂದು ಕೇಳಿದರೆ ಅವರಿಗೆ ಗೊಂದಲ. "ಸ್ವಲ್ಪವಾ, ಜಾಸ್ತಿಯಾ, ತಡೆಯೋಕೆ ಆಗಲ್ವಾ?" ಎಂದು ಕೇಳಿ. ಉತ್ತರವನ್ನು ಸಿಸ್ಟರಿಗೆ ನೀವೇ ಮುಟ್ಟಿಸಿ.

ಇನ್ನೊಂದು ಮಾತು. ಈ ವಯಸ್ಸಿನವರಿಗೆ ಆಪರೇಷನ್ ಆದ ಮೊದಲ ಕೆಲವು ದಿನ, ಮುಖ್ಯವಾಗಿ ರಾತ್ರಿ, ಗಲಿಬಿಲಿ ಬರುವುದುಂಟು. ಊರಿನ ಮನೆಯಲ್ಲಿದ್ದೇನೆ ಎನ್ನಬಹುದು, ನಿಮ್ಮನ್ನೇ ಗುರುತಿಸದೇ ಇರಬಹುದು. ವಾದ ಮಾಡಬೇಡಿ. ಕನ್ನಡಕ ಹಾಕಿ, ಕಿವಿಯ ಮೆಷಿನ್ ಇದ್ದರೆ ಅದನ್ನೂ ಹಾಕಿ. "ಇದು ಆಸ್ಪತ್ರೆ, ನಾನು ನಿನ್ನ ಮಗಳು, ಈಗ ರಾತ್ರಿ" ಎಂದು ಮೆಲ್ಲಗೆ ಹೇಳಿ, ಡಾಕ್ಟರಿಗೂ ತಕ್ಷಣ ತಿಳಿಸಿ. ಹೆಚ್ಚಿನವರು ಕೆಲವೇ ದಿನಗಳಲ್ಲಿ ಸರಿಹೋಗುತ್ತಾರೆ. ಮೊದಲ ಎರಡು ರಾತ್ರಿ ಜೊತೆಗಿರಲು ಬಾಡಿಗೆಯ ಆಯಾ ಬೇಡ. ನೀವು ಒಂದು ರಾತ್ರಿ ಇರಿ, ಇನ್ನೊಂದು ರಾತ್ರಿ ಅಣ್ಣನನ್ನು ಕೂರಿಸಿ.