ಗಿಟ್‌ಹಬ್ ರೆಪೊದಲ್ಲಿ (ಪ್ರಾಜೆಕ್ಟ್‌ನ ಫೈಲ್‌ಗಳೆಲ್ಲ ಇರುವ ಜಾಗ) ಡಾಕ್ಯುಮೆಂಟೇಶನ್ ಫೈಲ್‌ಗಳನ್ನು ಹೇಗೆ ಜೋಡಿಸಿಡಬೇಕು?

ಎಲ್ಲವನ್ನೂ ರೂಟ್ ಫೋಲ್ಡರ್‌ಗೇ, ಅಂದರೆ ಎಲ್ಲಕ್ಕೂ ಮೇಲಿನ ಫೋಲ್ಡರ್‌ಗೇ ಸುರಿಯಬೇಡಿ. ಅಲ್ಲಿ ರೀಡ್‌ಮಿ (ಪರಿಚಯದ ಫೈಲ್), ಲೈಸೆನ್ಸ್ ಇದ್ದರೆ ಸಾಕು. ಉಳಿದದ್ದು 'ಡಾಕ್ಸ್' (docs) ಅನ್ನೋ ಫೋಲ್ಡರ್‌ಗೆ ಹೋಗಲಿ. ಈ ಹೆಸರು ಸುಮ್ನೆ ರೂಢಿಯಲ್ಲ, ಗಿಟ್‌ಹಬ್‌ನ ವೆಬ್‌ಸೈಟ್ ಸೇವೆಯಾದ ಗಿಟ್‌ಹಬ್ ಪೇಜಸ್ ಆ ಫೋಲ್ಡರ್‌ನಿಂದಲೇ ಸೈಟ್ ಮಾಡಿಕೊಡಬಲ್ಲದು. ಒಳಗಿನ ಯಾವುದೇ ಫೋಲ್ಡರ್‌ನಲ್ಲಿ ರೀಡ್‌ಮಿ ಇಟ್ಟರೆ, ಆ ಫೋಲ್ಡರ್ ತೆರೆದಾಗ ಫೈಲ್ ಪಟ್ಟಿಯ ಕೆಳಗೆ ತಾನಾಗಿ ಕಾಣುತ್ತದೆ. ಅದನ್ನೇ ಪರಿವಿಡಿ ಮಾಡಿಕೊಳ್ಳಿ.

ಜನ ಜಾಸ್ತಿ ಎಡವುವುದು ಲಿಂಕ್‌ಗಳಲ್ಲಿ. ಪೂರ್ತಿ ವಿಳಾಸ ಹಾಕಿದರೆ ಅದು ಒಂದೇ ಬ್ರ್ಯಾಂಚ್‌ಗೆ (ರೆಪೊದ ಒಂದು ಕವಲಿಗೆ) ಅಂಟಿಕೊಳ್ಳುತ್ತದೆ. ಫೋರ್ಕ್‌ನಲ್ಲೋ (ಬೇರೆಯವರು ಮಾಡಿಕೊಂಡ ರೆಪೊದ ನಕಲು) ಬೇರೆ ಬ್ರ್ಯಾಂಚ್‌ನಲ್ಲೋ ಓದುವವರು ಲಿಂಕ್ ಒತ್ತಿದ ಕೂಡಲೇ ಎಲ್ಲಿಗೋ ಹೋಗಿಬಿಡುತ್ತಾರೆ. ಅದಕ್ಕೇ ರಿಲೇಟಿವ್ ಲಿಂಕ್ ಬಳಸಿ, ಅಂದರೆ ಈಗಿನ ಫೈಲ್ ಇರುವ ಜಾಗದಿಂದ ದಾರಿ ತೋರಿಸುವ ಲಿಂಕ್. ಆದರೆ ಫೈಲ್‌ನ ಜಾಗ ಬದಲಿಸಿದರೆ ಲಿಂಕ್‌ಗಳನ್ನು ನೀವೇ ತಿದ್ದಬೇಕು, ಅವು ತಾವಾಗಿ ಸರಿಹೋಗುವುದಿಲ್ಲ.

ಅಂದಹಾಗೆ, ಇರುವುದೇ ಎರಡು ಪುಟದಷ್ಟು ಮಾಹಿತಿ ಆದರೆ ಫೋಲ್ಡರ್ ಯಾಕೆ, ಒಂದೇ ರೀಡ್‌ಮಿ ಸಾಕಲ್ವಾ?