ನಗರ ಯೋಜನೆ ಮಾಡಲು ಒಟ್ಟು ಜನಸಂಖ್ಯೆ ಗೊತ್ತಿದ್ದರೆ ಸಾಲದೇ?

ಸಾಲದು. 2011ರ ಜನಗಣತಿ ಪ್ರಕಾರ ಬಾಗಲಕೋಟೆ ನಗರದಲ್ಲಿ ಸುಮಾರು 1.12 ಲಕ್ಷ ಜನ. ಇದರಿಂದ ಎಷ್ಟು ನೀರು ಬೇಕು ಅಂತ ಅಂದಾಜು ಸಿಗುತ್ತದೆ, ಅಷ್ಟೇ. ಅಂಗನವಾಡಿ ಎಲ್ಲಿರಬೇಕು, ಬಸ್ ಎಲ್ಲಿಗೆ ಓಡಬೇಕು ಅನ್ನೋದಕ್ಕೆ ಜನರ ವಯಸ್ಸು, ಕೆಲಸದ ಜಾಗ ಗೊತ್ತಿರಬೇಕು.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರವನ್ನೇ ನೋಡಿ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ರೂಪಿಸಿದ ಯೋಜನೆ, ಸೆಕ್ಟರ್ ಲೆಕ್ಕದ ಊರು. ಆದರೆ ಮನೆ ಮುಂದೆಯೇ ಅಂಗಡಿ ಇಟ್ಟು ಬದುಕಿದವರಿಗೆ ಸುಮ್ನೆ ಸೈಟ್ ಕೊಟ್ಟರೆ ಗಿರಾಕಿಗಳೂ ಹಿಂದೆ ಬರುತ್ತಾರಾ?

ಗುಳೆ ಹೋಗುವವರ ಲೆಕ್ಕ ಇನ್ನೂ ಕಷ್ಟ. 2011ರ ಎಣಿಕೆ ನಡೆದದ್ದು ಫೆಬ್ರವರಿಯಲ್ಲಿ, ಕಬ್ಬು ಕಡಿಯುವ ಹಂಗಾಮಿನಲ್ಲಿ. ಹೊರಗೆ ಹೋದವರನ್ನು ಅಲ್ಲೇ ಎಣಿಸುತ್ತಾರೆ. ಮಳೆಗಾಲಕ್ಕೆ ಅವರು ವಾಪಸ್ ಬಂದಾಗ ನಲ್ಲಿ, ಶಾಲೆ, ಆಸ್ಪತ್ರೆ ಎಲ್ಲದರ ಮೇಲೂ ಒತ್ತಡ ಜಾಸ್ತಿ.