ಹಳೆ ಕಾರಿನ ಡೋರ್ ಪ್ಯಾಡಿನಲ್ಲಿರೋ ಗಾಳಿ ಕಿಂಡಿ ಯಾತಕ್ಕೆ? ಧೂಳು ಬರುತ್ತೆ ಅಂತ ಮುಚ್ಚಿಸಬಹುದಾ?

ದಯವಿಟ್ಟು ಮುಚ್ಚಿಸಬೇಡಿ. ಡೋರ್ ಪ್ಯಾಡಿನ, ಅಂದರೆ ಬಾಗಿಲಿನ ಒಳಬದಿಯ ಹೊದಿಕೆಯ, ಹಿಂದಿನ ಅಂಚಿನ ಹತ್ತಿರ ಒಂದು ಜಾಲರಿ, ಬಾಗಿಲು ತೆರೆದರೆ ಲಾಕ್ ಇರುವ ಬದಿಯ ತಗಡಿನಲ್ಲಿ ರಬ್ಬರ್ ಇಳಿಬಿದ್ದಿರೋ ಇನ್ನೊಂದು ಸೀಳು ಅಂತ ಬರೆದಿದ್ದೀರಿ. ಹಾಗಿದ್ದರೆ ಅದು ಒಳಗಿನ ಗಾಳಿ ಹೊರಗೆ ಹೋಗೋ ದಾರಿ. ಬ್ಲೋವರ್ ಹಾಕಿದರೂ ಅಲ್ಲಿಂದ ಗಾಳಿ ಬರಲ್ಲ ಅಂದಿರಿ, ಬರಬಾರದು ಕೂಡ.

ಗಾಜೆಲ್ಲ ಏರಿಸಿದ ಕಾರಿನೊಳಗೆ ಹೊಸ ಗಾಳಿ ಬರಬೇಕಾದರೆ ಹಳೆ ಗಾಳಿ ಅಷ್ಟೇ ಪ್ರಮಾಣದಲ್ಲಿ ಜಾಗ ಬಿಡಬೇಕು. ಕಾರು ಓಡುವಾಗ ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಹತ್ತಿರ, ಗಾಳಿಯ ಒತ್ತಡ ಜಾಸ್ತಿ. ಹೊಸ ಗಾಳಿ ಎಳೆಯೋ ಬಾಯಿ ಅಲ್ಲೇ ಇರುತ್ತೆ. ಪಕ್ಕದಲ್ಲಿ, ಬಾಗಿಲಿನ ಹಿಂದಿನ ಸಂದಿನ ಹತ್ತಿರ ಒತ್ತಡ ಕಡಿಮೆ. ಹಾಗಾಗಿ ಗಾಳಿ ಡ್ಯಾಶ್‌ಬೋರ್ಡಿನಿಂದ ಬಂದು, ಜಾಲರಿಯ ಮೂಲಕ ಬಾಗಿಲಿನ ಟೊಳ್ಳಿಗೆ ಇಳಿದು, ಆ ಸೀಳಿನಿಂದ ಆಚೆ ಹೋಗುತ್ತೆ. ಅಲ್ಲಿರೋ ತೆಳು ರಬ್ಬರ್ ಒಳಗಿಂದ ತಳ್ಳಿದರೆ ತೆರೆಯುತ್ತೆ, ಹೊರಗಿಂದ ತಳ್ಳಿದರೆ ಮುಚ್ಚಿಕೊಳ್ಳುತ್ತೆ.

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಈ ಕೆಲಸ ಮುಂದಿನ ಬಾಗಿಲಿನ ತ್ರಿಕೋನದ ಚಿಕ್ಕ ಗಾಜು ಮಾಡುತ್ತಿತ್ತು. ಸ್ವಲ್ಪ ತಿರುಗಿಸಿದರೆ ಒಳಗಿನ ಗಾಳಿ ಎಳೆಯುತ್ತೆ, ಪೂರ್ತಿ ತಿರುಗಿಸಿದರೆ ಹೊರಗಿನ ಗಾಳಿ ಮುಖಕ್ಕೇ ಹೊಡೆಯುತ್ತೆ. ಇಂಗ್ಲೆಂಡಿನ ಫೋರ್ಡ್ ಕಂಪನಿ 1964ರಲ್ಲಿ ಕಾರ್ಟಿನಾ ಕಾರಿಗೆ ‘ಏರೋಫ್ಲೋ’ ಅಂತ ಹೆಸರಿಟ್ಟು, ಡ್ಯಾಶ್‌ಬೋರ್ಡಿನಿಂದ ಗಾಳಿ ಬಂದು ಹಿಂದಿನ ಗಾಜಿನ ಪಕ್ಕದ ಕಂಬದ ಕಿಂಡಿಯಿಂದ ಹೋಗೋ ವ್ಯವಸ್ಥೆ ಕೊಟ್ಟಿತು. ಆ ಬಗೆಯ ವ್ಯವಸ್ಥೆ ಬಂದ ಮೇಲೆ ಚಿಕ್ಕ ಗಾಜು ನಿಧಾನವಾಗಿ ಮಾಯವಾಯಿತು. ಈಗಿನ ಕಾರುಗಳಲ್ಲಿ ಇದೇ ಕಿಂಡಿ ಹಿಂದಿನ ಬಂಪರಿನ ಮರೆಯಲ್ಲಿರೋದರಿಂದ ಯಾರ ಕಣ್ಣಿಗೂ ಬೀಳಲ್ಲ.

ಕಿಂಡಿ ಕಟ್ಟಿಕೊಂಡಿದೆಯಾ ಅಂತ ಮನೆ ಮುಂದೆಯೇ ನೋಡಬಹುದು. ಎಲ್ಲಾ ಗಾಜು ಏರಿಸಿ, ಮೂರು ಬಾಗಿಲು ಹಾಕಿ, ಕೊನೆಯದನ್ನು ಮೆಲ್ಲಗೆ ಹಾಕಿ. ಅದು ಪೂರ್ತಿ ಕೂರದೆ, ಒಂದು ಗಾಜು ಎರಡಿಂಚು ಇಳಿಸಿದ ಮೇಲೆ ಸಲೀಸಾಗಿ ಕೂತರೆ, ಒಳಗಿನ ಗಾಳಿಗೆ ದಾರಿ ಇಲ್ಲ ಅಂತ ಲೆಕ್ಕ. ಆಮೇಲೆ ಹೊರಗಿನ ಗಾಳಿ ಬೇಕಾ ಒಳಗಿನದೇ ಸಾಕಾ ಅಂತ ಆರಿಸೋ ಡ್ಯಾಶ್‌ಬೋರ್ಡಿನ ಲಿವರನ್ನು ಹೊರಗಿನ ಗಾಳಿಗೆ ಇಟ್ಟು, ಬ್ಲೋವರ್ ಪೂರ್ತಿ ಹಾಕಿ, ಜಾಲರಿ ಮುಂದೆ ಒಂದು ಪದರ ಟಿಶ್ಯೂ ಹಿಡಿಯಿರಿ. ಸರಿಯಿದ್ದರೆ ಅದು ಜಾಲರಿಯ ಕಡೆಗೆ ವಾಲುತ್ತೆ.

ಮುಚ್ಚಿದರೆ ಮೊದಲು ಗೊತ್ತಾಗೋದು ಮಳೆಯಲ್ಲಿ. ಜಿಟಿಜಿಟಿ ಮಳೆಯಲ್ಲಿ ನಾಲ್ಕು ಜನ ಕೂತು ಚಾಮುಂಡಿ ಬೆಟ್ಟ ಹತ್ತಿದರೆ, ಉಸಿರಿನ ಮತ್ತು ಒದ್ದೆ ಬಟ್ಟೆಯ ತೇವ ಎಲ್ಲಿಗೂ ಹೋಗಲಾರದೆ ಗಾಜಿನ ಮೇಲೆ ಮಂಜಾಗಿ ಕೂರುತ್ತೆ. ಎಷ್ಟು ಒರೆಸಿದರೂ ಮತ್ತೆ ಬರುತ್ತೆ. ಬ್ಲೋವರ್ ಸದ್ದು ಮಾಡುತ್ತೆ, ಗಾಳಿ ಮಾತ್ರ ಸಾಲದು. ಎಷ್ಟೋ ಸಲ ಬ್ಲೋವರ್ ಮೋಟಾರ್ ಹೋಗಿದೆ ಅಂತ ಬದಲಾಯಿಸುತ್ತಾರೆ, ತೊಂದರೆ ಇರೋದು ಬಾಗಿಲಿನಲ್ಲಿ.

ಈಗ ನಿಮ್ಮ ಧೂಳಿನ ಮಾತಿಗೆ ಬರೋಣ. ಹಿಂದಿನ ಗಾಜು ಇಳಿಸಿಕೊಂಡು ಮಣ್ಣು ರಸ್ತೆಯಲ್ಲಿ ಹೋದರೆ, ಆ ಗಾಜಿನಿಂದ ಒಳಗಿನ ಗಾಳಿ ಹೊರಕ್ಕೆ ಎಳೆದುಹೋಗಿ ಒಳಗೆ ಒತ್ತಡ ತಗ್ಗುತ್ತೆ. ಆಗ ಧೂಳು ಪ್ರತಿ ಸಂದಿನಿಂದಲೂ ನುಗ್ಗುತ್ತೆ. ರಬ್ಬರ್ ಸೆಟೆದುಕೊಂಡಿದ್ದರೆ ಈ ಕಿಂಡಿಯಿಂದಲೂ ಬರುತ್ತೆ. ಗಾಜು ಏರಿಸಿ, ಹೊರಗಿನ ಗಾಳಿಗೆ ಲಿವರ್ ಇಟ್ಟು, ಬ್ಲೋವರ್ ಒಂದನೇ ಅಥವಾ ಎರಡನೇ ಸ್ಪೀಡಿನಲ್ಲಿಟ್ಟರೆ ಒಳಗಿನ ಒತ್ತಡ ಹೊರಗಿಗಿಂತ ಚೂರು ಹೆಚ್ಚಿರುತ್ತೆ, ಸಂದುಗಳಿಂದ ಧೂಳು ಒಳಬರಲ್ಲ. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಾಗ, ಇಲ್ಲ ಗದ್ದೆಯಲ್ಲಿ ತರಗು ಸುಡುತ್ತಿರುವಾಗ, ಅದನ್ನು ದಾಟೋವರೆಗೆ ಮಾತ್ರ ಒಳಗಿನ ಗಾಳಿಗೆ ಬದಲಾಯಿಸಿ. ಎಸಿ ತಂಪು ಸೋರುತ್ತಾ ಅನ್ನೋ ಚಿಂತೆ ಬೇಡ. ಒಳಗಿನ ಗಾಳಿಯನ್ನೇ ತಿರುಗಿಸುವಾಗ ರಬ್ಬರನ್ನು ತಳ್ಳೋ ಒತ್ತಡವೇ ಇರಲ್ಲ.

ರಬ್ಬರ್ ರಿಪೇರಿ ಅರ್ಧ ದಿನದ ಕೆಲಸ. ಗ್ಲಾಸ್ ಹ್ಯಾಂಡಲ್ ಹಿಂದೆ ಒಂದು ಬಟ್ಟೆ ಪಟ್ಟಿ ತೂರಿಸಿ ಎರಡೂ ಕಡೆಗೆ ಉಜ್ಜಿದರೆ ಒಳಗಿನ ತಂತಿ ಕ್ಲಿಪ್ಪು ಚಿಮ್ಮುತ್ತೆ. ಕೈ ಅಡ್ಡ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎಲ್ಲಿ ಹಾರಿತು ಅಂತ ಹುಡುಕಬೇಕಾಗುತ್ತೆ. ಆರ್ಮ್‌ರೆಸ್ಟ್ ಮತ್ತು ಒಳ ಹಿಡಿಯ ಸ್ಕ್ರೂ ಬಿಚ್ಚಿದ ಮೇಲೆ, ಅಗಲ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ, ಪ್ಯಾಡಿನ ಪ್ರತಿ ಕ್ಲಿಪ್ಪಿನ ಪಕ್ಕಕ್ಕೇ ಇಟ್ಟು ಮೀಟಿ. ಎರಡು ಕ್ಲಿಪ್ಪಿನ ನಡುವೆ ಮೀಟಿದರೆ ಹಳೆ ಹಾರ್ಡ್‌ಬೋರ್ಡ್ ಮುರಿಯುತ್ತೆ. ಐದಾರು ಹೊಸ ಕ್ಲಿಪ್ಪು ಮೊದಲೇ ತಂದಿಡಿ.

ರಬ್ಬರನ್ನು ಸೋಪು ನೀರು, ಮೆತ್ತನೆ ಬ್ರಷ್‌ನಿಂದ ತೊಳೆಯಿರಿ. ಪೆಟ್ರೋಲ್, ಡೀಸೆಲ್ ತಾಗಿದರೆ ರಬ್ಬರ್ ಊದಿಕೊಳ್ಳುತ್ತೆ. ಗ್ರೀಸ್ ಸವರಿದರೆ ಧೂಳು ಅಂಟಿ ಕೆಸರಾಗುತ್ತೆ. ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಸಾಕು. ಸೆಟೆದು ಬಿರುಕು ಬಿಟ್ಟಿದ್ದರೆ, 1 ಮಿ.ಮೀ.ಗಿಂತ ತೆಳುವಾದ ರಬ್ಬರ್ ಹಾಳೆ ತಂದು, ಕಿಂಡಿಗಿಂತ ಸುತ್ತಲೂ 5 ಮಿ.ಮೀ. ದೊಡ್ಡದಾಗಿ, ಮೇಲಂಚಿನಲ್ಲಿ ಮಾತ್ರ ಇನ್ನೊಂದು 5 ಮಿ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ. ಸೈಕಲ್ ಟ್ಯೂಬ್ ಬೇಡ, ಅದು ಸುರುಳಿ ಸುತ್ತಿಕೊಳ್ಳುತ್ತೆ. ಫೆವಿಬಾಂಡಿನಂಥ ಅಂಟನ್ನು ರಬ್ಬರಿನ ಮೇಲಂಚಿಗೂ ಅದು ಕೂರೋ ತಗಡಿಗೂ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಮೇಲಂಚನ್ನಷ್ಟೇ ಒತ್ತಿ. ಉಳಿದ ಮೂರೂ ಅಂಚು ಬಿಡುಬೀಸಾಗಿ ಇಳಿಬೀಳಬೇಕು. ನಾಲ್ಕೂ ಕಡೆ ಅಂಟಿಸಿದರೆ ಮುಚ್ಚಿದ ಹಾಗೇ ಆಯಿತು.

ಪ್ಯಾಡಿನ ಹಿಂದಿರೋ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ಬಿಸಾಡಬೇಡಿ. ಗಾಜಿನ ಬುಡದ ರಬ್ಬರ್ ಪಟ್ಟಿ (ಬೀಡಿಂಗ್) ದಾಟಿ ಬಾಗಿಲಿನೊಳಗೆ ಇಳಿಯೋ ಮಳೆನೀರು ಪ್ಯಾಡಿಗೆ ತಾಗದಂತೆ ತಡೆಯೋದು ಅದೇ. ಹರಿದಿದ್ದರೆ ಹೊಸದು ಹಾಕಿ, ಗಾಳಿ ಕಿಂಡಿಯ ಅಳತೆಗೆ ಮಾತ್ರ ಕತ್ತರಿಸಿ, ಸುತ್ತಲೂ ಬ್ಯುಟೈಲ್ ಟೇಪ್ ಅನ್ನೋ ಮೆತ್ತನೆ ರಬ್ಬರಿನ ಅಂಟುಪಟ್ಟಿಯಿಂದ ಅಂಟಿಸಿ. ಕೆಳ ಅಂಚು ಬಾಗಿಲಿನ ತಗಡಿನ ಒಳಕ್ಕೆ ತೂರಿರಬೇಕು. ಬಾಗಿಲಿನ ತಳದಲ್ಲಿರೋ ನೀರಿನ ತೂತುಗಳನ್ನೂ ಪ್ಲಾಸ್ಟಿಕ್ ಟೈ ತೂರಿಸಿ ಬಿಡಿಸಿ, ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು ಕೆಳಗೆ ತೊಟ್ಟಿಕ್ಕುತ್ತಾ ನೋಡಿ. ತುಕ್ಕು ಹಿಡಿಯದಿರಲಿ ಅಂತ ಕೋಟಿಂಗ್ ಹೊಡೆಸಿದವರ ಕಾರಿನಲ್ಲಿ ಈ ತೂತುಗಳೇ ಮುಚ್ಚಿಹೋಗಿ, ಬಾಗಿಲು ಬುಡದಿಂದ ತುಕ್ಕು ಹಿಡಿಯೋದುಂಟು.

ಇನ್ನೊಂದು ಬಗೆಯ ಕಿಂಡಿಯೂ ಇದೆ. ಕೆಲವು ಕಾರಿನಲ್ಲಿ ಬಾಗಿಲಿನ ಮುಂದಿನ ಮೇಲ್ಮೂಲೆಯಲ್ಲಿ, ಕನ್ನಡಿ ಹತ್ತಿರ ಇರುತ್ತೆ. ಅದರಿಂದ ಗಾಳಿ ಬರಲೇಬೇಕು, ಪಕ್ಕದ ಗಾಜಿನ ಮಂಜು ಕರಗಿಸೋದಕ್ಕೆ. ಬರದಿದ್ದರೆ, ಬಾಗಿಲು ಹಾಕಿದಾಗ ಡ್ಯಾಶ್‌ಬೋರ್ಡಿನ ಕೊಳವೆಗೆ ತಾಗಿ ಕೂರೋ ಫೋಮ್ ಪುಡಿಯಾಗಿದೆಯಾ ನೋಡಿ.

ಮುಂದೆ ಸದ್ದು ಕಡಿಮೆ ಮಾಡೋದಕ್ಕೆ ಡ್ಯಾಂಪಿಂಗ್ ಶೀಟ್ ಹಾಕಿಸೋದಾದರೆ, ಪ್ಯಾಡ್ ಬಿಚ್ಚಿದ ತಕ್ಷಣ ಈ ಕಿಂಡಿಯ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ ಗ್ಯಾರೇಜಿನವರಿಗೆ ತೋರಿಸಿಬಿಡಿ.